ಸಂಗಾತಿ ಹಿಂಸೆಯನ್ನು ಅಳೆಯುವ ಅನುವಾದಿತ ಪ್ರಶ್ನಾವಳಿ: ಯಾವುದನ್ನು ಆರಿಸಬೇಕು, ಹೇಗೆ ಪರೀಕ್ಷಿಸಬೇಕು

‘ನಿಮ್ಮ ಸಂಗಾತಿ ನಿಮ್ಮ ಮೇಲೆ ಎಂದಾದರೂ ಹಿಂಸೆ ನಡೆಸಿದ್ದಾರೆಯೇ?’ ಈ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ, ಮೂಲಕ್ಕೆ ನಿಷ್ಠವಾಗಿಯೂ ಇದೆ. ಆದರೂ ಅಳತೆಯ ದೃಷ್ಟಿಯಿಂದ ಇದು ಕೆಲಸಕ್ಕೆ ಬಾರದ ಪ್ರಶ್ನೆ. ದಿನಬಳಕೆಯ ಕನ್ನಡದಲ್ಲಿ ‘ಹಿಂಸೆಯಾಗುತ್ತಿದೆ’ ಎಂದರೆ ಮುಜುಗರವಾಗುತ್ತಿದೆ, ಕಿರಿಕಿರಿಯಾಗುತ್ತಿದೆ ಎಂಬ ಅರ್ಥವೂ ಬರುತ್ತದೆ. ಇನ್ನೊಂದೆಡೆ, ಕೆನ್ನೆಗೆ ಹೊಡೆದದ್ದನ್ನೂ ಕೂದಲು ಹಿಡಿದು ಎಳೆದದ್ದನ್ನೂ ‘ಜಗಳ’ ಎಂದಷ್ಟೇ ಕರೆದುಕೊಂಡು ಬದುಕಿರುವ ಮಹಿಳೆ, ಸುದ್ದಿಯಲ್ಲಿ ಕೇಳುವ ಭೀಕರ ಘಟನೆಗಳಿಗೆ ಮಾತ್ರ ಆ ಪದವನ್ನು ಮೀಸಲಿಟ್ಟಿರುತ್ತಾಳೆ. ಅವಳು ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾಳೆ. ಒಬ್ಬಳಿಗೆ ತೀರಾ ಹಗುರವಾಗಿ, ಇನ್ನೊಬ್ಬಳಿಗೆ ತೀರಾ ಭಾರವಾಗಿ ಕೇಳಿಸುವ ಪ್ರಶ್ನೆಯಿಂದ ಬಂದ ಶೇಕಡಾವಾರು ಎಷ್ಟು ದೊಡ್ಡ ಮಾದರಿಯಿಂದ ಬಂದಿದ್ದರೂ ನಂಬಲು ಯೋಗ್ಯವಲ್ಲ.

ಬೇರೊಂದು ಭಾಷೆಯಲ್ಲಿ ರಚನೆಯಾದ ಪ್ರಶ್ನಾವಳಿಯನ್ನು ತಮ್ಮ ಭಾಷೆಗೆ ತಂದು ಬಳಸಬೇಕೆನ್ನುವ ಸಂಶೋಧಕರು ಮತ್ತು ಆರೋಗ್ಯ ಕಾರ್ಯಕರ್ತರ ಮುಂದೆ ಎರಡು ಆಯ್ಕೆಗಳಿರುತ್ತವೆ. ಲಭ್ಯವಿರುವ ಪ್ರಶ್ನಾವಳಿಗಳಲ್ಲಿ ಯಾವುದನ್ನು ಅನುವಾದಿಸಬೇಕು ಎಂಬುದು ಒಂದು. ಅನುವಾದವಾದ ಮೇಲೆ ಇರುವ ಅಲ್ಪ ಸಮಯ ಮತ್ತು ಹಣವನ್ನು ಯಾವ ಪರೀಕ್ಷೆಗೆ ವಿನಿಯೋಗಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ನಿಮ್ಮ ಉದ್ದೇಶವನ್ನು ಅವಲಂಬಿಸಿದೆ. ಎರಡನೆಯದರ ಬಗ್ಗೆ ನನಗೆ ಸ್ಪಷ್ಟ ನಿಲುವಿದೆ: ಒಂದೇ ಒಂದು ಪರೀಕ್ಷೆಯನ್ನು ಸರಿಯಾಗಿ ಮಾಡಲು ಸಾಧ್ಯವಿದ್ದರೆ, ಅದು ಪ್ರಶ್ನೆಗಳಿಗೆ ಉತ್ತರಿಸಬೇಕಾದ ಮಹಿಳೆಯರೊಂದಿಗೆ ಕುಳಿತು, ಪ್ರತಿ ಪ್ರಶ್ನೆಯೂ ಅವರಿಗೆ ಏನೆಂದು ಅರ್ಥವಾಯಿತು ಎಂದು ಕೇಳುವ ಪರೀಕ್ಷೆಯಾಗಿರಬೇಕು. ವರದಿಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ವಿರುದ್ಧವಾದ ಕ್ರಮ. ಹಿಮ್ಮುಖ ಅನುವಾದ (ಅನುವಾದವನ್ನು ಮತ್ತೆ ಮೂಲಭಾಷೆಗೆ ತರುವುದು) ಮಾಡಿಸಿದೆವೆಂಬ ಒಂದು ಸಾಲು, ಪ್ರಶ್ನೆಗಳ ಪರಸ್ಪರ ಹೊಂದಿಕೆಯನ್ನು ಅಳೆಯುವ ಆಲ್ಫಾ ಗುಣಾಂಕದ ಒಂದು ಸಂಖ್ಯೆ, ಅಲ್ಲಿಗೆ ಪರೀಕ್ಷೆ ಮುಗಿದಿರುತ್ತದೆ.

ಯಾವ ಪ್ರಶ್ನಾವಳಿ ಯಾವ ಕೆಲಸಕ್ಕೆ

ಜನಸಮುದಾಯದಲ್ಲಿ ಹಿಂಸೆಯ ಪ್ರಮಾಣ ಎಷ್ಟಿದೆ ಎಂದು ತಿಳಿಯುವುದು ಉದ್ದೇಶವಾಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಬಹುರಾಷ್ಟ್ರೀಯ ಅಧ್ಯಯನದ ಪ್ರಶ್ನೆಗಳನ್ನು ಮೊದಲು ನೋಡಬೇಕು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ವರದಿ 10 ದೇಶಗಳ 24,000ಕ್ಕೂ ಹೆಚ್ಚು ಮಹಿಳೆಯರ ಸಂದರ್ಶನಗಳನ್ನು ಆಧರಿಸಿದೆ. ಜೀವಮಾನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದವರ ಪ್ರಮಾಣ ಬೇರೆ ಬೇರೆ ಕಡೆ ಶೇ. 15ರಿಂದ ಶೇ. 71ರವರೆಗೆ ಇತ್ತು. ಇದರ ಬಲವಿರುವುದು ನಿರ್ದಿಷ್ಟತೆಯಲ್ಲಿ. ದೈಹಿಕ ಹಿಂಸೆಗೆ ಆರು, ಲೈಂಗಿಕ ಹಿಂಸೆಗೆ ಮೂರು, ಭಾವನಾತ್ಮಕ ಹಿಂಸೆಗೆ ನಾಲ್ಕು ಪ್ರಶ್ನೆಗಳಿದ್ದು, ಪ್ರತಿಯೊಂದೂ ಕಣ್ಣಿಗೆ ಕಟ್ಟುವಂಥ ಕೃತ್ಯವನ್ನು ಹೆಸರಿಸುತ್ತದೆ: ಕೆನ್ನೆಗೆ ಹೊಡೆದದ್ದು, ತಳ್ಳಿದ್ದು, ಒದ್ದದ್ದು, ಕತ್ತು ಹಿಸುಕಿದ್ದು. ಉತ್ತರಿಸುವವಳು ತನ್ನ ಬದುಕಿಗೆ ‘ಹಿಂಸೆ’ ಎಂಬ ಹಣೆಪಟ್ಟಿಯನ್ನು ತಾನೇ ಅಂಟಿಸಿಕೊಳ್ಳಬೇಕಾಗಿಲ್ಲ. ನಡೆದದ್ದು ನಡೆಯಿತೇ ಇಲ್ಲವೇ ಎಂದಷ್ಟೇ ಹೇಳಿದರೆ ಸಾಕು. ಅನುವಾದಕರಿಗೂ ಇದು ಅನುಕೂಲ, ಏಕೆಂದರೆ ಅಮೂರ್ತ ಪದಗಳಿಗಿಂತ ಕ್ರಿಯಾಪದಗಳು ಭಾಷೆಯಿಂದ ಭಾಷೆಗೆ ಸುಲಭವಾಗಿ ದಾಟುತ್ತವೆ.

ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ ಇದಕ್ಕಿಂತ ಹಳೆಯದು. ಮರ್ರಿ ಸ್ಟ್ರಾಸ್ 1979ರಲ್ಲಿ ಪ್ರಕಟಿಸಿದ ಮಾಪನದ ಪರಿಷ್ಕೃತ ರೂಪ 1996ರಲ್ಲಿ ಬಂದಿತು. ಪರಿಷ್ಕೃತ ರೂಪದಲ್ಲಿ 39 ಜೋಡಿಗಳಾಗಿ 78 ಪ್ರಶ್ನೆಗಳಿವೆ. ಪ್ರತಿ ಜೋಡಿಯಲ್ಲೂ ಉತ್ತರಿಸುವವರು ಮಾಡಿದ್ದು ಮತ್ತು ಸಂಗಾತಿ ಮಾಡಿದ್ದು ಎರಡನ್ನೂ ಕೇಳಲಾಗುತ್ತದೆ. ಸಂಧಾನ, ಮಾನಸಿಕ ಆಕ್ರಮಣ, ದೈಹಿಕ ಹಲ್ಲೆ, ಲೈಂಗಿಕ ಬಲವಂತ, ಗಾಯ ಎಂಬ ಐದು ಉಪಮಾಪನಗಳಿರುವುದರಿಂದ ದಂಪತಿಗಳ ಸಂಬಂಧವನ್ನು ಇಬ್ಬರ ಕಡೆಯಿಂದಲೂ ಅಧ್ಯಯನ ಮಾಡುವವರಿಗೆ ಇದು ಇಂದಿಗೂ ಉಪಯುಕ್ತ. ಆದರೆ ಇದರ ಪೀಠಿಕೆಯು ಎಲ್ಲ ಜೋಡಿಗಳಲ್ಲೂ ಭಿನ್ನಾಭಿಪ್ರಾಯಗಳು ಬರುತ್ತವೆ ಎಂದು ಆರಂಭವಾಗಿ, ಪ್ರಶ್ನೆಗಳನ್ನು ಜಗಳದ ಚೌಕಟ್ಟಿನಲ್ಲಿ ಇರಿಸುತ್ತದೆ. ಯಾವ ಜಗಳವೂ ಇಲ್ಲದೆ, ಕಾರಣವೇ ತಿಳಿಯದೆ ಹೊಡೆತ ತಿಂದವಳು ಆ ಪೀಠಿಕೆಯನ್ನು ಕೇಳಿದಾಗ ತನ್ನ ಅನುಭವಕ್ಕೆ ಇಲ್ಲಿ ಜಾಗವಿಲ್ಲ ಎಂದುಕೊಳ್ಳುವ ಸಾಧ್ಯತೆಯಿದೆ. ಭಯ, ನಿಯಂತ್ರಣ, ಯಾರು ಯಾವ ಉದ್ದೇಶದಿಂದ ಕೈ ಎತ್ತಿದರು ಎಂಬುದು ಇದರ ಎಣಿಕೆಗೆ ಸಿಗುವುದಿಲ್ಲ ಎಂಬ ಟೀಕೆಯೂ ಹಳೆಯದೇ. ನನಗೆ ಅದು ಸರಿಯಾದ ಟೀಕೆಯೆಂದೇ ತೋರುತ್ತದೆ.

ಹಿಂಸೆಯ ತೀವ್ರತೆಯ ಮಟ್ಟಗಳನ್ನು ಬಿಡಿಸಿ ನೋಡಬೇಕಾದವರಿಗೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ಕಾಂಪೋಸಿಟ್ ಅಬ್ಯೂಸ್ ಸ್ಕೇಲ್ ಇದೆ. ಅದರ 30 ಪ್ರಶ್ನೆಗಳು ತೀವ್ರ ಸಂಯುಕ್ತ ದೌರ್ಜನ್ಯ, ಭಾವನಾತ್ಮಕ ದೌರ್ಜನ್ಯ, ದೈಹಿಕ ದೌರ್ಜನ್ಯ ಮತ್ತು ಕಿರುಕುಳ ಎಂಬ ನಾಲ್ಕು ಗುಂಪುಗಳಾಗಿ ಹಂಚಿಹೋಗಿವೆ. ಆಪ್ತ ಸಮಾಲೋಚನೆಯೋ ಚಿಕಿತ್ಸೆಯೋ ಪರಿಣಾಮ ಬೀರಿದೆಯೇ ಎಂದು ಕಾಲಕಾಲಕ್ಕೆ ಅಳೆಯುವ ಅಧ್ಯಯನಗಳಿಗೆ ಇದು ಹೊಂದುತ್ತದೆ.

ಚಿಕಿತ್ಸಾಲಯದಲ್ಲಿ ಎರಡೇ ನಿಮಿಷಗಳಲ್ಲಿ ಪತ್ತೆ ಮಾಡಬೇಕಾದಾಗ ಕಿರು ಪ್ರಶ್ನಾವಳಿಗಳು ಬೇಕಾಗುತ್ತವೆ. 1998ರಲ್ಲಿ ಪ್ರಕಟವಾದ ‘ಹಿಟ್ಸ್’ ಇವುಗಳಲ್ಲಿ ಒಂದು: ನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು ಅಂಕ 10ನ್ನು ಮೀರಿದರೆ ಹಿಂಸೆಯ ಸೂಚನೆ. ಚಿಕ್ಕದಾದ್ದರಿಂದ ಅನುವಾದ ಸುಲಭ ಎಂದು ಭಾವಿಸಿದರೆ ಎಡವುತ್ತೇವೆ. ಮೊದಲಿಗೆ, ಮೂಲದಲ್ಲಿ ನಾಲ್ಕು ಕ್ರಿಯಾಪದಗಳ ಮೊದಲಕ್ಷರಗಳೇ ಸೇರಿ ಹೆಸರಾಗಿರುವುದರಿಂದ ವೈದ್ಯರಿಗೆ ಪ್ರಶ್ನೆಗಳು ನೆನಪಿರುತ್ತವೆ. ಅನುವಾದದಲ್ಲಿ ಆ ಅನುಕೂಲ ಉಳಿಯುವುದಿಲ್ಲ. ಎರಡನೆಯದಾಗಿ, ಉತ್ತರದ ಐದು ಮೆಟ್ಟಿಲುಗಳಲ್ಲಿ ಮೇಲಿನ ಎರಡೂ ಕನ್ನಡದಲ್ಲಿ ಸುಲಭವಾಗಿ ‘ಆಗಾಗ’ ಎಂಬ ಒಂದೇ ಪದಕ್ಕೆ ಕುಸಿಯುತ್ತವೆ. ಅವನ್ನು ‘ಆಗಾಗ’ ಮತ್ತು ‘ಪದೇ ಪದೇ’ ಎಂದು ಬಿಡಿಸಿದರೂ, ಯಾವುದು ಹೆಚ್ಚು ಎಂಬುದರಲ್ಲಿ ಕೇಳುವವರೆಲ್ಲರೂ ಒಮ್ಮತ ಹೊಂದಿದ್ದಾರೆಯೇ ಎಂದು ಪರೀಕ್ಷಿಸದೆ ಹೇಳಲಾಗದು. ಒಂದು ಮೆಟ್ಟಿಲು ಜಾರಿದರೆ ಒಟ್ಟು ಅಂಕ ಜಾರುತ್ತದೆ, ಅದರೊಂದಿಗೆ 10ರ ಗಡಿಯೂ ಅರ್ಥ ಕಳೆದುಕೊಳ್ಳುತ್ತದೆ. ಆದ್ದರಿಂದ ಕಿರು ಪ್ರಶ್ನಾವಳಿಯನ್ನು ಆರಿಸಿದವರು ಗಡಿ ಅಂಕವನ್ನು ಮೂಲದಿಂದ ಎರವಲು ತರಬಾರದು. ತಮ್ಮ ಭಾಷೆಯ ರೂಪಕ್ಕೆ ಅದನ್ನು ಹೊಸದಾಗಿ ಕಂಡುಕೊಳ್ಳಬೇಕು.

ಅನುವಾದ: ಹಿಮ್ಮುಖವೋ, ಸಮಿತಿಯೋ

1970ರಲ್ಲಿ ಬ್ರಿಸ್ಲಿನ್ ಪ್ರಚುರಪಡಿಸಿದ ಹಿಮ್ಮುಖ ಅನುವಾದದ ವಿಧಾನದಲ್ಲಿ ಒಬ್ಬರು ಮೂಲದಿಂದ ಅನುವಾದಿಸುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತರುತ್ತಾರೆ, ಆಮೇಲೆ ಎರಡನ್ನೂ ಹೋಲಿಸಲಾಗುತ್ತದೆ. ಅನುವಾದದ ಭಾಷೆ ಬಾರದ ಪ್ರಧಾನ ಸಂಶೋಧಕರಿಗೆ ಇದೊಂದೇ ಕಿಟಕಿ. ಆದರೆ ಈ ಕಿಟಕಿಯಿಂದ ಕಾಣುವುದು ಅಕ್ಷರನಿಷ್ಠೆ ಮಾತ್ರ. ‘ಬಲವಂತ’ ಎಂಬ ಪದವನ್ನೇ ತೆಗೆದುಕೊಳ್ಳಿ. ಲೈಂಗಿಕ ಹಿಂಸೆಯ ಪ್ರಶ್ನೆಯಲ್ಲಿ ‘ಬಲವಂತ ಮಾಡಿದ್ದಾರೆಯೇ’ ಎಂದು ಬರೆದರೆ ಹಿಮ್ಮುಖ ಅನುವಾದಕರು ಅದನ್ನು ಸರಿಯಾದ ಪದಕ್ಕೇ ಮರಳಿಸುತ್ತಾರೆ. ಹೋಲಿಕೆಯಲ್ಲಿ ಪೂರ್ಣ ಅಂಕ ಸಿಗುತ್ತದೆ. ಆದರೆ ‘ಅವರು ತುಂಬಾ ಬಲವಂತ ಮಾಡಿದರು, ಅದಕ್ಕೆ ಹೋದೆ’ ಎಂದು ನಾವು ದಿನನಿತ್ಯ ಹೇಳುವಾಗ ಆ ಪದದಲ್ಲಿ ಪ್ರೀತಿಯ ಒತ್ತಾಯವಷ್ಟೇ ಇರುತ್ತದೆ. ಆ ಸಡಿಲತೆಯನ್ನು ಹಿಮ್ಮುಖ ಅನುವಾದ ಎಂದೂ ತೋರಿಸುವುದಿಲ್ಲ. ‘ನಿಮಗೆ ಇಷ್ಟವಿಲ್ಲದಿದ್ದಾಗ ಮೈಬಲ ಉಪಯೋಗಿಸಿ’ ಎಂದು ಬಿಡಿಸಿ ಬರೆದ ಉತ್ತಮ ಅನುವಾದಕ್ಕೆ ಅದೇ ವಿಧಾನದಲ್ಲಿ ‘ಮೂಲಕ್ಕಿಂತ ಉದ್ದ’ ಎಂಬ ಆಕ್ಷೇಪ ಬರುವುದೇ ಹೆಚ್ಚು.

ಸಮಿತಿ ವಿಧಾನದಲ್ಲಿ ಇಬ್ಬರು ಅಥವಾ ಹೆಚ್ಚು ಜನ ಸ್ವತಂತ್ರವಾಗಿ ಅನುವಾದಿಸುತ್ತಾರೆ; ವಿಷಯ ಬಲ್ಲವರು, ಭಾಷೆ ಬಲ್ಲವರು ಮತ್ತು ಕ್ಷೇತ್ರದಲ್ಲಿ ಸಂದರ್ಶನ ಮಾಡಿದವರು ಒಟ್ಟಿಗೆ ಕುಳಿತು ವಿಮರ್ಶಿಸುತ್ತಾರೆ; ಭಿನ್ನಾಭಿಪ್ರಾಯವನ್ನು ಒಬ್ಬರು ತೀರ್ಮಾನಿಸುತ್ತಾರೆ; ಬಳಿಕ ಪೂರ್ವಪರೀಕ್ಷೆ ನಡೆಯುತ್ತದೆ; ಪ್ರತಿ ತೀರ್ಮಾನದ ಕಾರಣವೂ ದಾಖಲಾಗುತ್ತದೆ. ದಂಪತಿಗಳ ಜಗಳದ ಭಾಷೆ, ಮಲಗುವ ಕೋಣೆಯ ಭಾಷೆ, ಬೈಗುಳದ ಭಾಷೆ ಎಲ್ಲವೂ ಬೆರೆತಿರುವ ಇಂಥ ವಿಷಯಕ್ಕೆ ಇದು ಸ್ಪಷ್ಟವಾಗಿ ಮೇಲು. ಎರಡನ್ನೂ ಸೇರಿಸಿದ 2000ನೇ ಇಸವಿಯ ಬೀಟನ್ ಮತ್ತಿತರರ ಮಾರ್ಗಸೂಚಿಯಲ್ಲಿ ಮೂಲದಿಂದ ಎರಡು ಮುಮ್ಮುಖ ಅನುವಾದ, ಎರಡು ಹಿಮ್ಮುಖ ಅನುವಾದ, ತಜ್ಞರ ಸಮಿತಿ ಮತ್ತು 30ರಿಂದ 40 ಜನರ ಪೂರ್ವಪರೀಕ್ಷೆ ಇವೆ. ನಿಮ್ಮ ಸಂಸ್ಥೆ ಹಿಮ್ಮುಖ ಅನುವಾದವನ್ನು ಕಡ್ಡಾಯ ಮಾಡಿದ್ದರೆ ಇದನ್ನು ಅನುಸರಿಸಿ, ಆದರೆ ಸಮಿತಿಯ ಹಂತವನ್ನು ನೆಪಮಾತ್ರಕ್ಕೆ ಮುಗಿಸಬೇಡಿ.

ಕನ್ನಡಕ್ಕೆ ತರುವವರು ಸಮಿತಿಯ ಮುಂದಿಡಬೇಕಾದ ಒಂದು ಸಂಗತಿ ಇಲ್ಲಿದೆ. ನಮ್ಮ ವಾಕ್ಯಗಳಲ್ಲಿ ಕರ್ತೃಪದ ಬಿಟ್ಟುಹೋಗುವುದು ಸಹಜ. ಸಂಗಾತಿಗೆ ಗೌರವದ ಬಹುವಚನ ಹಚ್ಚಿ ಪ್ರಶ್ನೆಗಳ ಪಟ್ಟಿ ಮಾಡಿದಾಗ, ಮೂರನೆಯ ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ‘ಒದ್ದಿದ್ದಾರೆಯೇ?’ ಎಂಬ ಕ್ರಿಯಾಪದವೊಂದೇ ಉಳಿದಿರುತ್ತದೆ. ಒದ್ದವರು ಗಂಡನೋ, ಮನೆಯ ಇತರರೋ? ಅತ್ತೆಯಿಂದ ಅನುಭವಿಸಿದ್ದನ್ನು ಸೇರಿಸಿ ‘ಹೌದು’ ಎಂದವಳ ಉತ್ತರ ಸಂಗಾತಿ ಹಿಂಸೆಯ ಲೆಕ್ಕಕ್ಕೆ ಹೋಗುತ್ತದೆ. ಪ್ರತಿ ಪ್ರಶ್ನೆಯಲ್ಲೂ ‘ನಿಮ್ಮ ಈಗಿನ ಅಥವಾ ಹಿಂದಿನ ಗಂಡ ಅಥವಾ ಸಂಗಾತಿ’ ಎಂದು ಪುನರಾವರ್ತಿಸುವುದು ಕಿವಿಗೆ ಹಿತವಲ್ಲದಿದ್ದರೂ ಅಳತೆಗೆ ಅಗತ್ಯ. ಹಾಗೆಯೇ ‘ಕಳೆದ ವರ್ಷ’ ಎಂದರೆ ಕೆಲವರಿಗೆ ಹಿಂದಿನ ಕ್ಯಾಲೆಂಡರ್ ವರ್ಷ. ‘ಕಳೆದ 12 ತಿಂಗಳಲ್ಲಿ’ ಎಂದೇ ಬರೆಯಬೇಕು.

ಅರ್ಥದ ಪರೀಕ್ಷೆ

ಕಾಗ್ನಿಟಿವ್ ಸಂದರ್ಶನ ಎಂದು ಕರೆಯುವ ವಿಧಾನವು ಉತ್ತರವೊಂದು ಹುಟ್ಟುವ ನಾಲ್ಕು ಹಂತಗಳನ್ನು ಗಮನಿಸುತ್ತದೆ: ಪ್ರಶ್ನೆ ಅರ್ಥವಾಗುವುದು, ಘಟನೆ ನೆನಪಾಗುವುದು, ಅದು ಇಲ್ಲಿ ಎಣಿಕೆಗೆ ಬರುತ್ತದೆಯೇ ಎಂದು ತೂಗುವುದು, ಕೊನೆಗೆ ಬಾಯಿಬಿಟ್ಟು ಹೇಳುವುದು. ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ಅಳತೆ ಕೆಡಬಹುದು, ಮತ್ತು ಕೆಟ್ಟದ್ದು ಎಲ್ಲಿ ಎಂಬುದನ್ನು ಅವಲಂಬಿಸಿ ಪರಿಹಾರ ಬೇರೆಯಾಗುತ್ತದೆ.

ಉದಾಹರಣೆಗೆ, ‘ಇತರರ ಎದುರಿನಲ್ಲಿ ನಿಮ್ಮನ್ನು ಕೀಳಾಗಿ ಕಂಡಿದ್ದಾರೆಯೇ?’ ಎಂಬ ಪ್ರಶ್ನೆಗೆ ಒಬ್ಬ ಮಹಿಳೆ ‘ಇಲ್ಲ’ ಎಂದಳೆಂದುಕೊಳ್ಳೋಣ. ಸಂದರ್ಶಕಿ ಅಲ್ಲಿಗೆ ಬಿಡದೆ, ‘ಇತರರು ಎಂದಾಗ ನಿಮ್ಮ ಮನಸ್ಸಿಗೆ ಯಾರು ಬಂದರು?’ ಎಂದು ಕೇಳುತ್ತಾಳೆ. ‘ಹೊರಗಿನವರು. ಮಕ್ಕಳ ಮುಂದೆ ಬೈಯೋದು ಬೇರೆ, ಅದು ಮನೆಯೊಳಗಿನ ಮಾತು’ ಎಂಬ ಉತ್ತರ ಬರಬಹುದು. ಇಲ್ಲಿ ನೆನಪಿನ ತೊಂದರೆಯಿಲ್ಲ, ನಾಚಿಕೆಯೂ ಇಲ್ಲ; ‘ಇತರರು’ ಎಂಬ ಪದ ಮಕ್ಕಳನ್ನು ಹೊರಗಿಟ್ಟಿತು, ಅಷ್ಟೇ. ‘ಮಕ್ಕಳ ಎದುರಾಗಲಿ, ಬೇರೆಯವರ ಎದುರಾಗಲಿ’ ಎಂದು ತಿದ್ದಿದರೆ ಪ್ರಶ್ನೆ ಸರಿಹೋಗುತ್ತದೆ. ಇಂಥ ದೋಷವನ್ನು ಯಾವ ಗುಣಾಂಕವೂ ಹಿಡಿಯಲಾರದು, ಏಕೆಂದರೆ ಎಲ್ಲ ಮಹಿಳೆಯರೂ ಒಂದೇ ರೀತಿ ತಪ್ಪಾಗಿ ಅರ್ಥಮಾಡಿಕೊಂಡಾಗ ಅಂಕಿಅಂಶಗಳು ಬಹಳ ಅಚ್ಚುಕಟ್ಟಾಗಿಯೇ ಹೊಂದುತ್ತವೆ.

ಇದಕ್ಕೆ ನೂರಾರು ಜನ ಬೇಕಿಲ್ಲ. ಒಂದು ಸುತ್ತಿನಲ್ಲಿ 8ರಿಂದ 12 ಮಹಿಳೆಯರನ್ನು ಮಾತಾಡಿಸಿ, ತಿದ್ದಿ, ಹೊಸಬರೊಂದಿಗೆ ಮತ್ತೊಂದು ಸುತ್ತು ನಡೆಸಿ, ಹೊಸ ದೋಷಗಳು ಸಿಗುವುದು ನಿಂತಾಗ ನಿಲ್ಲಿಸಬಹುದು. ಓದಿದವರನ್ನು ಮಾತ್ರ ಆರಿಸಿಕೊಂಡರೆ ಶ್ರಮವೆಲ್ಲ ವ್ಯರ್ಥ. ಒಂದು ಎಚ್ಚರಿಕೆ ಅಗತ್ಯ: ಇಲ್ಲಿ ಸ್ವಂತ ಅನುಭವವನ್ನು ಹೇಳಿಸುವ ಅಗತ್ಯವಿಲ್ಲ. ‘ಇನ್ನೊಬ್ಬ ಮಹಿಳೆಗೆ ಈ ಪ್ರಶ್ನೆ ಕೇಳಿದರೆ ಆಕೆ ಇದನ್ನು ಹೇಗೆ ಅರ್ಥಮಾಡಿಕೊಳ್ಳಬಹುದು?’ ಎಂದು ಕೇಳಿದರೂ ಹೆಚ್ಚಿನ ಮಾಹಿತಿ ಸಿಗುತ್ತದೆ, ಮತ್ತು ಗಾಯವನ್ನು ಸುಮ್ಮನೆ ಕೆದಕಿದಂತಾಗುವುದಿಲ್ಲ.

ತಜ್ಞರಿಂದ ಪ್ರತಿ ಪ್ರಶ್ನೆಗೂ ಅಂಕ ಹಾಕಿಸಿ ವಿಷಯ ಸಿಂಧುತ್ವದ ಸೂಚ್ಯಂಕ (ಅಳೆಯಬೇಕಾದ ವಿಷಯಕ್ಕೆ ಪ್ರಶ್ನೆ ಎಷ್ಟು ಹೊಂದುತ್ತದೆ ಎಂಬ ಸಂಖ್ಯೆ) ಲೆಕ್ಕಹಾಕುವ ಪದ್ಧತಿಯೂ ಇದೆ; ಆರು ಅಥವಾ ಹೆಚ್ಚು ತಜ್ಞರಿದ್ದರೆ 0.78 ಕನಿಷ್ಠ ಮಿತಿ. ಮಾಡಬಹುದು, ಆದರೆ ಅದು ಮೇಲಿನ ಪರೀಕ್ಷೆಗೆ ಬದಲಿಯಲ್ಲ. ತಜ್ಞರಿಗೆ ಪ್ರಶ್ನೆಯ ಉದ್ದೇಶ ಮೊದಲೇ ಗೊತ್ತಿರುತ್ತದೆ.

ಅಂಕಿಅಂಶದ ಪರೀಕ್ಷೆಗಳಲ್ಲಿ ಯಾವುದು ಏನು ಹೇಳುತ್ತದೆ

ಕ್ರಾನ್‌ಬಾಕ್ ಆಲ್ಫಾ 0.70ಕ್ಕಿಂತ ಮೇಲಿದ್ದರೆ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ಸಾಮಾನ್ಯವಾಗಿ ಒಪ್ಪಲಾಗುತ್ತದೆ. ಆದರೆ ಆಲ್ಫಾದ ಹಿಂದೆ ಒಂದು ಊಹೆಯಿದೆ: ಎಲ್ಲ ಉತ್ತರಗಳೂ ಒಳಗಿರುವ ಒಂದೇ ಗುಣದ ಹೊರರೂಪಗಳು ಎಂಬುದು. ಖಿನ್ನತೆಗೆ ಇದು ಹೊಂದುತ್ತದೆ. ಹಿಂಸೆಯ ಕೃತ್ಯಗಳಿಗೆ ಇದು ಸಹಜವಾಗಿ ಹೊಂದುತ್ತದೆ ಎನ್ನುವಂತಿಲ್ಲ. ಕತ್ತು ಹಿಸುಕುವವನು ಕೆನ್ನೆಗೂ ಹೊಡೆಯಲೇಬೇಕು ಎಂಬ ನಿಯಮವಿಲ್ಲ, ಒಂದೇ ಕೃತ್ಯ ನಡೆದಿದ್ದರೂ ಹಿಂಸೆ ಹಿಂಸೆಯೇ. ಕಡಿಮೆ ಆಲ್ಫಾ ಬಂದಿತೆಂದು ಅಪರೂಪದ ಆದರೆ ಪ್ರಾಣಾಂತಕವಾದ ಕೃತ್ಯದ ಪ್ರಶ್ನೆಯನ್ನು ಪ್ರಶ್ನಾವಳಿಯಿಂದ ಕಿತ್ತುಹಾಕುವುದು ದೊಡ್ಡ ತಪ್ಪು. ಜೊತೆಗೆ, ಪ್ರಶ್ನೆಗಳ ಸಂಖ್ಯೆ ಕಡಿಮೆಯಾದಷ್ಟೂ ಆಲ್ಫಾ ತಾನಾಗಿಯೇ ಇಳಿಯುತ್ತದೆ. ಲೈಂಗಿಕ ಹಿಂಸೆಯ ಮೂರು ಪ್ರಶ್ನೆಗಳನ್ನು 30 ಪ್ರಶ್ನೆಗಳ ಮಾಪನದೊಂದಿಗೆ ಈ ಸಂಖ್ಯೆಯಿಂದ ಹೋಲಿಸಬಾರದು.

ದೈಹಿಕ, ಲೈಂಗಿಕ, ಭಾವನಾತ್ಮಕ ಎಂಬ ವಿಭಾಗಗಳು ಅನುವಾದದಲ್ಲೂ ಉಳಿದಿವೆಯೇ ಎಂದು ತಿಳಿಯಲು ದೃಢೀಕರಣ ಫ್ಯಾಕ್ಟರ್ ವಿಶ್ಲೇಷಣೆ ಹೆಚ್ಚು ಉಪಯುಕ್ತ. ಹೌದು–ಇಲ್ಲ ಉತ್ತರಗಳನ್ನು ನಿರಂತರ ಸಂಖ್ಯೆಗಳೆಂದು ಭಾವಿಸದೆ, ಅಂಥ ದತ್ತಾಂಶಕ್ಕೆಂದೇ ಇರುವ ಟೆಟ್ರಾಕೋರಿಕ್ ಸಹಸಂಬಂಧಗಳನ್ನು ಬಳಸಬೇಕು. ಮಾದರಿ ಗಾತ್ರಕ್ಕೆ ಪ್ರಶ್ನೆಗಳ ಸಂಖ್ಯೆಯ ಏಳು ಪಟ್ಟು ಮತ್ತು ಕನಿಷ್ಠ 100 ಎಂಬ ಸೂತ್ರ ಚಾಲ್ತಿಯಲ್ಲಿದೆ. ಆದರೆ ಆಯುಧದಿಂದ ಬೆದರಿಸಿದ ಪ್ರಶ್ನೆಗೆ ನೂರರಲ್ಲಿ ಇಬ್ಬರು ಮಾತ್ರ ‘ಹೌದು’ ಎಂದಿದ್ದರೆ ನಿಮ್ಮ ಬಳಿ ಇರುವುದು ಆ ಇಬ್ಬರ ಮಾಹಿತಿ ಅಷ್ಟೇ. ಮಾದರಿಯನ್ನು ‘ಹೌದು’ಗಳ ಸಂಖ್ಯೆಯಿಂದ ಯೋಜಿಸಬೇಕು.

ಎರಡು ಭಾಷೆಗಳ ಅಥವಾ ಎರಡು ಸಮುದಾಯಗಳ ಪ್ರಮಾಣಗಳನ್ನು ಅಕ್ಕಪಕ್ಕ ಇಡುವ ಉದ್ದೇಶವಿದ್ದರೆ, ಪ್ರಶ್ನೆಗಳು ಎರಡೂ ಕಡೆ ಒಂದೇ ರೀತಿ ಅಳೆಯುತ್ತವೆಯೇ ಎಂದು ನೋಡುವ ಮಾಪನ ಸಮಾನತೆಯ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಅದಿಲ್ಲದೆ ಒಂದು ಕಡೆ ಶೇ. 20, ಇನ್ನೊಂದು ಕಡೆ ಶೇ. 35 ಎಂದು ಬಂದರೆ ಆ ಅಂತರ ಬದುಕಿನದೋ ಅನುವಾದದ್ದೋ ಹೇಳಲಾಗದು. ಒಂದೇ ಭಾಷೆಯೊಳಗೆ ಮಾತ್ರ ಬಳಸುವುದಾದರೆ ಇದಕ್ಕೆ ಹಣ ಹಾಕದಿದ್ದರೂ ನಡೆಯುತ್ತದೆ.

ಎರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವ ಮರುಪರೀಕ್ಷೆಯ ಬಗ್ಗೆ ನನಗೆ ಹಿಂಜರಿಕೆಯಿದೆ. ಎರಡನೆಯ ಬಾರಿ ಮನೆಗೆ ಹೋಗುವುದೇ ಸಂಗಾತಿಯ ಅನುಮಾನಕ್ಕೆ ಕಾರಣವಾಗಬಹುದು. ಮೊದಲ ಸಂದರ್ಶನದ ನಂತರ ಮರೆತದ್ದು ನೆನಪಾಗಿ, ಅಥವಾ ಧೈರ್ಯ ಬಂದು, ಎರಡನೆಯ ಬಾರಿ ‘ಹೌದು’ ಎಂದರೆ ಅದನ್ನು ಅಳತೆಯ ದೋಷವೆನ್ನುವುದೂ ಸರಿಯಲ್ಲ. ಫಲಿತಾಂಶವನ್ನು ಓದುವುದರಲ್ಲೂ ತೊಡಕಿದೆ. 100 ಮಹಿಳೆಯರಲ್ಲಿ ಎರಡೂ ಬಾರಿ ‘ಹೌದು’ ಎಂದವರು 3, ಮೊದಲು ಮಾತ್ರ ‘ಹೌದು’ ಎಂದವರು 2, ಎರಡನೆಯ ಬಾರಿ ಮಾತ್ರ ‘ಹೌದು’ ಎಂದವರು 2, ಎರಡೂ ಬಾರಿ ‘ಇಲ್ಲ’ ಎಂದವರು 93 ಎಂದಿಟ್ಟುಕೊಳ್ಳಿ. 96 ಜನರ ಉತ್ತರ ಬದಲಾಗಿಲ್ಲ, ಆದರೂ ಕಪ್ಪಾ (ಆಕಸ್ಮಿಕ ಹೊಂದಿಕೆಯನ್ನು ಕಳೆದು ಎರಡು ಬಾರಿಯ ಉತ್ತರಗಳ ಹೊಂದಿಕೆಯನ್ನು ಅಳೆಯುವ ಗುಣಾಂಕ) 0.58 ಬರುತ್ತದೆ. ಬದಲಿಸಿದವರು ಅದೇ ನಾಲ್ವರಾಗಿದ್ದು, ಎರಡೂ ಬಾರಿ ‘ಹೌದು’ ಎಂದವರು 38, ‘ಇಲ್ಲ’ ಎಂದವರು 58 ಆಗಿದ್ದರೆ ಕಪ್ಪಾ 0.92ಕ್ಕೆ ಏರುತ್ತದೆ. ಪ್ರಶ್ನೆ ಬದಲಾಗಲಿಲ್ಲ, ಘಟನೆಯ ಪ್ರಮಾಣ ಬದಲಾಯಿತು. ಮರುಪರೀಕ್ಷೆ ಮಾಡಲೇಬೇಕಾದರೆ ಸುರಕ್ಷಿತ ಸ್ಥಳದಲ್ಲಿ, ಮಹಿಳೆ ತಾನೇ ಆರಿಸಿಕೊಂಡ ಸಮಯದಲ್ಲಿ ಮಾಡಿ. ಕಪ್ಪಾದೊಂದಿಗೆ ನಾಲ್ಕೂ ಸಂಖ್ಯೆಗಳನ್ನು ವರದಿಯಲ್ಲಿ ಕೊಡಿ.

ಸಿಂಧುತ್ವವನ್ನು ಯಾವುದರ ಎದುರು ಇಟ್ಟು ಸಾಬೀತುಪಡಿಸಬೇಕು ಎಂಬ ಪ್ರಶ್ನೆಗೆ ಪೂರ್ಣ ತೃಪ್ತಿಕರ ಉತ್ತರವಿಲ್ಲ, ಏಕೆಂದರೆ ಹಿಂಸೆಗೆ ರಕ್ತಪರೀಕ್ಷೆಯಂಥ ಖಚಿತ ಮಾನದಂಡವಿಲ್ಲ. ಆಶ್ರಯ ಕೇಂದ್ರದಲ್ಲಿರುವ ಮಹಿಳೆಯರ ಅಂಕಗಳನ್ನು ಇತರರ ಅಂಕಗಳೊಂದಿಗೆ ಹೋಲಿಸುವುದು ಸುಲಭದ ದಾರಿ. ಆದರೆ ಎರಡು ತುದಿಗಳ ಹೋಲಿಕೆಯಲ್ಲಿ ಎಂಥ ಪ್ರಶ್ನಾವಳಿಯೂ ಗೆಲ್ಲುತ್ತದೆ. ಚಿಕಿತ್ಸಾಲಯಕ್ಕೆ ಬರುವ ಸಾಮಾನ್ಯ ಮಹಿಳೆಯರಲ್ಲಿ ಕಿರು ಪ್ರಶ್ನಾವಳಿಯನ್ನೂ ಉದ್ದನೆಯ ಪ್ರಶ್ನಾವಳಿಯನ್ನೂ ಒಟ್ಟಿಗೆ ಬಳಸಿ ಹೋಲಿಸುವುದು ಕಠಿಣವಾದರೂ ಹೆಚ್ಚು ನಂಬಲರ್ಹ.

ಪರೀಕ್ಷೆಯ ಹಂತದಲ್ಲೇ ಸುರಕ್ಷತೆ

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ನೈತಿಕ ಮತ್ತು ಸುರಕ್ಷತಾ ಶಿಫಾರಸುಗಳು ‘ಇದು ಬರೀ ಪೂರ್ವಪರೀಕ್ಷೆ’ ಎಂಬ ಕಾರಣಕ್ಕೆ ಸಡಿಲವಾಗುವುದಿಲ್ಲ. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಸಂದರ್ಶಿಸಬೇಕು. ಅಧ್ಯಯನದ ಹೆಸರು ಹಿಂಸೆಯನ್ನು ಸೂಚಿಸಬಾರದು. ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಬೇರೆ ವಿಷಯದ ಪ್ರಶ್ನೆಗಳು ಕೈಯಲ್ಲಿರಬೇಕು. ನೆರವು ಬೇಕೆಂದವರನ್ನು ಎಲ್ಲಿಗೆ ಕಳಿಸಬೇಕೆಂಬುದು ಮೊದಲ ಸಂದರ್ಶನಕ್ಕೂ ಮುಂಚೆ ನಿಶ್ಚಯವಾಗಿರಬೇಕು. ಅನುವಾದವನ್ನು ತಪಾಸಿಸಲು ಮನೆಯ ಇನ್ನೊಬ್ಬರಿಗೆ ಪ್ರಶ್ನಾವಳಿಯ ಪ್ರತಿ ಕೊಟ್ಟು ಬರುವಂಥ ಸಣ್ಣ ಅಜಾಗರೂಕತೆಯೂ ಒಬ್ಬಳಿಗೆ ಏಟಾಗಿ ತಲುಪಬಹುದು.

ಮುಖಾಮುಖಿ ಸಂದರ್ಶನವೋ, ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಪರದೆ ಒತ್ತುವ ವಿಧಾನವೋ ಎಂಬ ಆಯ್ಕೆಯನ್ನೂ ಈ ಹಂತದಲ್ಲೇ ಮಾಡಬೇಕು. ಓದಲು ಬಾರದವರಿಗೆ ಎರಡನೆಯದು ಏಕಾಂತ ಕೊಡುತ್ತದೆ. ಮೊದಲನೆಯದು ಕಣ್ಣೀರು ಬಂದಾಗ ಪಕ್ಕದಲ್ಲಿ ಮನುಷ್ಯರನ್ನು ಕೊಡುತ್ತದೆ. ಚೆನ್ನಾಗಿ ತರಬೇತಾದ ಸಂದರ್ಶಕಿಯರು ನಿಮ್ಮಲ್ಲಿದ್ದರೆ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ. ಯಾವುದನ್ನು ಆರಿಸಿದರೂ ಪರೀಕ್ಷೆ ಅದೇ ವಿಧಾನದಲ್ಲಿ ನಡೆಯಲಿ. ಕಾಗದದ ಮೇಲೆ ಓದಿ ಅರ್ಥವಾದ ಪ್ರಶ್ನೆ ಕಿವಿಗೆ ಬಿದ್ದಾಗ ಅರ್ಥವಾಗದೆ ಹೋಗಬಹುದು.

ಆರು ತಿಂಗಳು ಮತ್ತು ಮೂರು ನಾಲ್ಕು ಜನರ ತಂಡವಷ್ಟೇ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನೆಗಳನ್ನು ಸಮಿತಿ ವಿಧಾನದಲ್ಲಿ ಅನುವಾದಿಸಿ, ಎರಡು ಸುತ್ತು ಕಾಗ್ನಿಟಿವ್ ಸಂದರ್ಶನ ಮಾಡಿ, ಆಮೇಲೆ ಕೈಲಾದಷ್ಟು ದೊಡ್ಡ ಮಾದರಿಯಲ್ಲಿ ಫ್ಯಾಕ್ಟರ್ ವಿಶ್ಲೇಷಣೆಗೆ ಹೋಗಿ, ಮರುಪರೀಕ್ಷೆಯನ್ನು ಕೈಬಿಡಿ. ಯಾವ ಪ್ರಶ್ನೆಯನ್ನು ಯಾವ ಪದದಿಂದ ಯಾವ ಪದಕ್ಕೆ, ಯಾರ ಮಾತು ಕೇಳಿ ಬದಲಿಸಿದಿರಿ ಎಂಬ ದಾಖಲೆಯನ್ನು ಹೆಸರುಗಳಿಲ್ಲದೆ ಪ್ರಶ್ನಾವಳಿಯೊಂದಿಗೇ ಪ್ರಕಟಿಸಿ. ಮುಂದೆ ಅದೇ ಭಾಷೆಯಲ್ಲಿ ಕೆಲಸ ಮಾಡುವವರು ‘ಬಲವಂತ’ ಎಂಬ ಪದವನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಾಗುವುದಿಲ್ಲ, ಮತ್ತು ಇನ್ನಷ್ಟು ಮಹಿಳೆಯರನ್ನು ಅದಕ್ಕಾಗಿ ಕೂರಿಸಿ ಕೇಳಬೇಕಾಗುವುದೂ ಇಲ್ಲ.